ಬೂಟಿನ ಮೂತಿ

ಪೋಲೀಸರು ಕೇಳಿದ್ದು ಎರಡೇ ಮಾತು:
ಬಣ್ಣ ಯಾವುದು, ಕೊಟ್ಟದ್ದು ಯಾವತ್ತು.
ಕಂದು, ಅಂದೆ. ಮಂಗಳವಾರ, ಅಂದೆ.
ಬರೆದುಕೊಂಡು ಇಳಿದು ಹೋದರು
ವಾಲ್ಪರೈಸೊದ ಈ ಗುಡ್ಡದ ಮೆಟ್ಟಿಲು, ಏದುಸಿರು ಬಿಡುತ್ತ.
ಅಲ್ಲಿಗೆ ಮುಗಿಯಿತು ನನ್ನ ಸಾಕ್ಷಿ.

ಭಾನುವಾರ ರೇಡಿಯೋದಲ್ಲಿ
ಪಾಸ್ಟರ್ ಆಬ್ದೋನ್ ರಿಕೆಲ್ಮೆಯ ದನಿ ಬಂದರೆ
ಬಂದರಿನ ಕ್ರೇನು ಅರ್ಧಕ್ಕೇ ನಿಲ್ಲುತ್ತಿತ್ತು.
ಮೀನು ಸೀಳುವ ಹೆಂಗಸರು
ಚಾಕು ಹಿಡಿದೇ ಅಳುತ್ತಿದ್ದರು.
ಅಂಥವನ ಕಾರು ಸಿಕ್ಕಿತು ಹಡಗುಕಟ್ಟೆಯ ಮಂಜಿನಲ್ಲಿ,
ಬಾಗಿಲು ಹಾರುಹೊಡೆದು,
ಸೀಟಿನ ಮೇಲೆ ಟೋಪಿ, ಟೋಪಿಯೊಳಗೆ ಕೈಗಡಿಯಾರ,
ಅದು ನಡೆಯುತ್ತಲೇ ಇತ್ತು.

ಕೋರಸ್ಸಿನ ಹುಡುಗಿಯೊಂದಿಗೆ ಬೆಟ್ಟ ದಾಟಿ
ಅರ್ಜೆಂಟೀನಾಕ್ಕೆ ಓಡಿದ ಎಂದರು.
ಆ ಹುಡುಗಿ ಮರುದಿನವೇ ನನ್ನಂಗಡಿಗೆ ಬಂದಳು,
ಚಪ್ಪಲಿಯ ಬಾರು ಹೊಲಿಸಲು.
ಸೈನ್ಯದ ಹಸಿರು ಲಾರಿ ಕಂಡೆ ಎಂದವನು
ಸಂಜೆಯೊಳಗೆ ಕಂಡಿಲ್ಲ ಎಂದ.
ಎಲೀಯನಿಗೆ ಬಂದಂತೆ ಬೆಂಕಿಯ ರಥವೇ ಬಂತು
ಎಂದಳು ವಿಧವೆ ಎದೂವಿಹೆಸ್.
ಅವಳ ಎರಡು ಕಣ್ಣಿಗೂ ಪೊರೆ.

ನಾನು ಹೇಳದೆ ಉಳಿಸಿಕೊಂಡದ್ದು ಇದು.

ಇಪ್ಪತ್ತೆರಡು ವರ್ಷ ಅವನ ಬೂಟು ಹೊಲಿದವ ನಾನು.
ಬಲ ಹಿಮ್ಮಡಿ ಹೊರಗಡೆಗೆ ಸವೆಯುತ್ತಿತ್ತು:
ವೇದಿಕೆಯ ಮೇಲೆ ಸಿಂಹದ ನಡೆ, ಮೆಟ್ಟಿಲಲ್ಲಿ ಕುಂಟು.
ಅದು ಬಿಡಿ.
ಮಂಡಿಯೂರುವವರ ಬೂಟು ಮೂತಿಯಲ್ಲಿ ಸವೆಯುತ್ತದೆ.
ಗಾರೆಯವನದು, ನೆಲ ಒರೆಸುವವಳದು,
ದೇವರನ್ನು ಬೇಡುವವನದು, ಎಲ್ಲ ಒಂದೇ ಗುರುತು.
ಬೆರಳ ಬುಡದಲ್ಲೊಂದು ಆಳದ ನಿರಿಗೆ.
ಅವನದರಲ್ಲಿ ಅದಿರಲಿಲ್ಲ.
ಹತ್ತೊಂಬತ್ತು ಜೊತೆ ಬೂಟು, ಅಟ್ಟೆ ತೂತು ಬಿದ್ದರೂ
ಮೂತಿ ಮಾತ್ರ ಈಗಷ್ಟೇ ಡಬ್ಬದಿಂದ ತೆಗೆದ ಹಾಗೆ.
ಊರಿಗೆ ಊರನ್ನೇ ಮಂಡಿಗೆ ಇಳಿಸಿದವನು.
ನಾನೂ ಇಳಿದಿದ್ದೆ,
ಮಗಳಿಗೆ ಜ್ವರ ಬಿಡದಿದ್ದ ವರ್ಷ.

ಈ ಕಡೆಯ ಜೊತೆ, ಮಂಗಳವಾರದ್ದು,
ಮೂತಿ ತರಿದುಹೋಗಿತ್ತು. ಎರಡರದ್ದೂ.
ನಿರಿಗೆಯೊಳಗೆ ಸಿಮೆಂಟಿನ ಪುಡಿ.
ಬಣ್ಣ ಬಳಿಯಲೇ, ಅಂದೆ, ಮುಖ ನೋಡದೆ.
ಬೇಡ ಅಂದ.
ಸ್ವಲ್ಪ ತಡೆದು,
ಹಾಗೇ ಇರಲಿ, ಹಿಮ್ಮಡಿ ಮಾತ್ರ ಹಾಕು,
ಶುಕ್ರವಾರ ಬರುತ್ತೇನೆ.

ಹಾಕಿದ್ದೇನೆ. ಹನ್ನೊಂದು ವರ್ಷವಾಯಿತು.
ಆಕಾರ ಕೆಡದಂತೆ ಒಳಗೆ ಪೇಪರು ತುರುಕಿದ್ದೇನೆ,
ಅದರಲ್ಲೂ ಅವನದೇ ಫೋಟೋ.
ಶುಕ್ರವಾರಗಳಲ್ಲಿ ಅಂಗಡಿ ಬೇಗ ಮುಚ್ಚುವುದಿಲ್ಲ.
ಮಂಜು ಕವಿದ ಮೆಟ್ಟಿಲ ಮೇಲೆ
ಕುಂಟುತ್ತ ಏನೋ ಹತ್ತಿ ಬರುವ ಸದ್ದಾಗುತ್ತದೆ,
ಸೂಜಿ ನಿಲ್ಲಿಸಿ ತಲೆಯೆತ್ತುತ್ತೇನೆ.

ಹೆಚ್ಚಾಗಿ ನಾಯಿ.