ಬೀದರ ಇಳಿಯೋರು

ಅಂಬಾರಾಯ ಕಂಡಕ್ಟರ್, ರಿಟೈರಾಗಿ ಆರು ವರ್ಷ,
ನನ್ನ ಸೆಕೆಂಡ್‌ಹ್ಯಾಂಡ್ ಕಾರಿನ ಬಾಗಲಕ್ಕ ಎರಡು ಸಲ ಬಡಿದು
ಹಿಂದಿನ ಸೀಟಿನಾಗ ಕುಂತ.
ಮುಂದ ಅವ್ವ.
ಉಡಿಯಾಗ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಸ್ಟೀಲಿನ ಡಬ್ಬಿ ತುಂಬ ಪುಂಡಿಪಲ್ಯ.
ಬೆಲ್ಟ್ ಹಾಕಿದ್ದಕ್ಕ ಉಸಿರು ಹಿಡಿದಾಳ,
ಬಿಟ್ಟರ ಎಲ್ಲಿ ಬಿಚ್ಚತದೋ ಅನ್ನೋವ್ರಂಗ.

ಕಲಬುರಗಿಯಿಂದ ಬೀದರಕ್ಕ ಇಪ್ಪತ್ತೊಂಬತ್ತು ವರ್ಷ
ಇದೇ ದಾರಿ ಅಪ್ಪಂದು.
ಬೀದರ ಅಂದ್ರ ಅವಗ ಒಂದು ಪ್ಲಾಟ್‌ಫಾರ್ಮು,
ಒಂದು ಚಾದ ಅಂಗಡಿ, ಸಹಿ ಹಾಕೋ ಕಿಟಕಿ.
ಅಲ್ಲಿಂದ ಬೋರ್ಡು ತಿರುವಿ ವಾಪಸ್.
ಖಿಲ್ಲಾ ನೋಡಿಯೇನಪ್ಪಾ ಅಂದ್ರ
‘ಮಂದೀನ ಅಲ್ಲಿಗೆ ಮುಟ್ಟಿಸೀನಿ’ ಅಂತಾನ.

ಮಹಾಗಾಂವ ಕ್ರಾಸ್ ಬಂತು. ಒಂದು ಸ್ಟೇಜು.
ಕಮಲಾಪುರ. ಕೆಂಪು ಬಾಳೆಹಣ್ಣಿನ ಬುಟ್ಟಿಗಳು.
ಲಗೇಜ್ ಚಾರ್ಜು ಕೇಳಿದ್ದಕ್ಕ ಒಬ್ಬಾಕಿ
ಎರಡು ಹಣ್ಣು ಮಾರಿಗೆ ಒಗೆದಿದ್ದಳಂತ.
‘ತಿಂದಿ?’
‘ಮತ್ತ? ರಸೀದಿ ಕೊಡ್ಲಾಕ ಬರ್ತದೇನು ಅದಕ್ಕ?’
ಕಿಣ್ಣಿ ಸಡಕಿನಾಗ ಪ್ರತಿ ಗುರುವಾರ ಹತ್ತತಿದ್ದ ಮೌಲಾಸಾಬ,
ಬಗಲಾಗ ಒಂದು ಹುಂಜ, ಕಣ್ಣು ಮುಚ್ಚಿಕೊಂಡು.
ಹುಂಜ ಅಲ್ಲ, ಮೌಲಾಸಾಬ.
ಟಿಕೆಟ್ ಕೇಳಬ್ಯಾಡಂತ ನಿದ್ದಿ ನಾಟಕ.

ನಾ ಬ್ರೇಕ್ ಒತ್ತೂಕಿನ ಮದ್ಲೇ
ಹಿಂದ ಅಪ್ಪನ ಕಾಲು ಒತ್ತತದ.
ಮ್ಯಾಟಿನ ಮ್ಯಾಲ ಧಪ್ ಅಂತ ಸಪ್ಪಳ.
‘ಡ್ರೈವರ್ ಸಾಹೇಬ್ರ, ಸ್ವಲ್ಪ ಸಾವಕಾಶ.’
ಹುಮನಾಬಾದಿನ್ಯಾಗ ಚಾ.
ರೊಕ್ಕ ಕೊಡೂವಾಗ ಚಿಲ್ಲರ ಅವನೇ ಎಣಿಸಿದ.
ಹಳ್ಳಿಖೇಡ ದಾಟಿದ ಮ್ಯಾಲ ಮಣ್ಣು ಕೆಂಪಾಯ್ತು,
ಯಾರೂ ಏನೂ ಅನ್ನಲಿಲ್ಲ.

ಅಷ್ಟೂರಿನ್ಯಾಗ ಸಾಲು ಗುಮ್ಮಟ.
ಒಂದು ಮಾತ್ರ ಅರ್ಧ ಒಡೆದು ನಿಂತದ,
ಹೊಟ್ಟಿಯೊಳಗ ಆಕಾಶ.
ಸಿಡಿಲು ಬಡೀತಂತ, ನಾ ಓದಿ ಹೇಳಿದೆ.
ಅಪ್ಪ ಮ್ಯಾಲ ನೋಡಿ ನೋಡಿ,
‘ಹಾಫ್ ಟಿಕೆಟ್’ ಅಂದ.
ಅವ್ವ ಸೆರಗು ಬಾಯಿಗಿಟ್ಟು ನಕ್ಕಳು,
ಗೋರಿ ಮುಂದ ನಗಬಾರದಂತ ತನ್ನ ಕೆನ್ನಿಗೆ ತಾನೇ ಬಡಕೊಂಡಳು.

ಖಿಲ್ಲಾದ ಹತ್ರ ಪಾರ್ಕಿಂಗ್ ಹುಡುಗ
ಚೀಟಿ ಹರಿದು ಕೊಟ್ಟ.
‘ನಂಬರ್ ನೋಡಿ ಹರೀಬೇಕೋ ತಮ್ಮಾ,
ಕಟ್ಟಿನ್ಯಾಗ ಒಂದು ಹಾರಿದ್ರ
ರಾತ್ರಿ ನಿನ್ನ ಕಿಸೆದಿಂದ ಹೋಗ್ತದ.’
ಹುಡುಗ ಹೂಂ ಅಂದ, ಫೋನಿನ್ಯಾಗ ಮುಖ.

ಒಳಗ ಹೊಕ್ಕ ಅಪ್ಪ ನಿಂತುಬಿಟ್ಟ.
ಇಷ್ಟು ದೊಡ್ಡ ಜಾಗಾ,
ಎಲ್ಲಿ ಹತ್ತೋದು, ಎಲ್ಲಿ ಇಳಿಯೋದು,
ಒಂದು ಬೋರ್ಡೂ ಅವನ ಭಾಷೆದಾಗಿಲ್ಲ.
ಕೈ ಎರಡೂ ಖಾಲಿ.

ಅವ್ವ ಮುಂದ ಹೊಂಟಳು.
‘ಆ ಕಡಿ ಅಲ್ಲ. ಹದಿನಾರು ಕಂಬದ ಮಸೀದಿ ಇನ್ನೂ ಮುಂದದ.
ಚಿಪ್ಪು ಕೂಡ್ಸಿದ ಕರೇ ಕಲ್ಲು ಈ ಮಹಲಿನ್ಯಾಗ,
ಕೀಲಿ ಹಾಕಿರ್ತಾರ, ಕಾವಲುಗಾರಗ ಕೇಳಬೇಕು.’
ನಾವಿಬ್ಬರು ಆಕಿ ಹಿಂದ,
ಹೊಸ ಊರಿಗೆ ಬಂದ ಕೂಸುಗಳಂಗ.
‘ನೀ ಯಾವಾಗ ಬಂದಿದ್ದಿ?’
ಅವ್ವ ಮೆಟ್ಟಿಲು ಎಣಿಸ್ಲತ್ತಿದ್ದಳು.
ಎಣಿಕಿ ತಪ್ಪೀತಂತ ಮಾತಾಡಲಿಲ್ಲ.

ವಾಪಸ್ ಬರೂವಾಗ ಕತ್ತಲಾಯ್ತು.
ಕಿಣ್ಣಿ ಸಡಕಿನಾಗ ಲೈಟಿಲ್ಲ.
ಆಗ ಹೇಳಿದಳು, ಎದುರಿನ ದಾರಿಗೆ ಹೇಳಿದಂಗ:

‘ಇಕಿ ಆಗ ಮೂರನೇತ್ತ.
ಸಾಲಿಗಿ ಕಳಿಸಿ, ನಿಮ್ಮ ಹಿಂದಿನ ಬಸ್ ಹತ್ತಿದೆ.
ದಿನಾ ಎಲ್ಲಿಗಿ ಹೋಗ್ತೀರಿ ನೋಡ್ಬೇಕನಿಸಿತ್ತು.
ಸ್ಟ್ಯಾಂಡಿನ್ಯಾಗ ಬೆಂಚಿನ ಮ್ಯಾಲ ಮಲಗಿದ್ರಿ,
ಬಾಯಿ ತೆರೆದು.
ಎಬ್ಬಿಸಲಿಲ್ಲ.
ಹೊತ್ತು ಉಳೀತು. ಖಿಲ್ಲಾ ನೋಡಿ ಬಂದೆ.’

ಎರಡು ಮೈಲಿಗಲ್ಲು ಹೋದವು.
‘ಟಿಕೆಟ್ ತಗೊಂಡಿದ್ದೇನು?’
‘ತಗೊಂಡಿದ್ದೆ. ಎಂಟಾಣೆ ವಾಪಸ್ ಕೊಡಲಿಲ್ಲ ನಿಮ್ಮವ.’
‘ಅಂವ ಹಂಗೇ.’

ಮತ್ತ ಸುಮ್ಮನ.
ಕನ್ನಡಿಯಾಗ ನೋಡಿದೆ, ಅಪ್ಪ ಕಾಣಲಿಲ್ಲ,
ಮುಂದ ಬಾಗಿ ಅವ್ವನ ಸೀಟಿನ ಹಿಂಬದಿ ಹಿಡಕೊಂಡಿದ್ದ,
ನಿಂತ ಬಸ್ಸಿನ್ಯಾಗ ರಾಡ್ ಹಿಡಿದಂಗ.

‘ರೊಕ್ಕದ ಚೀಲ?’
‘ತಲಿ ಕೆಳಗಿತ್ತು.’
‘ಹಂಗಾರ ಸರಿ.’

ಕಮಲಾಪುರದ ಇಳಿಜಾರಿನ್ಯಾಗ ಎದುರಿಗೆ ಲಾರಿ.
ನಾ ಬ್ರೇಕ್ ಒತ್ತಿದೆ.
ಹಿಂದ ಈ ಸಲ ಸಪ್ಪಳ ಬರಲಿಲ್ಲ.