ಬೆಳ್ಳಿ ಕೂರದ ಹಾಗೆ

ಮುರುಗೇಶಪಾಳ್ಯದಲ್ಲಿ ನನ್ನದು ಹಲ್ಲಿನ ಸೆಟ್ಟು ಮಾಡುವ ಅಂಗಡಿ,
ಹತ್ತಡಿಗೆ ಎಂಟಡಿ.
ಮೇಜಿನ ಮೇಲೆ ಮೂವರ ಕೆಳದವಡೆ,
ನಡುವೆ ಈಗ ಒಂದು ಯುದ್ಧವಿಮಾನ,
ಗೇಣುದ್ದ.

ತಂದವರು ಮುನಿವೀರಪ್ಪ.
ಕಾರ್ಖಾನೆಯ ಬಣ್ಣದ ಶಾಪಿನಲ್ಲಿ ಮೂವತ್ತೊಂದು ವರ್ಷ
ನಿಜವಾದ ರೆಕ್ಕೆ ಉಜ್ಜಿದವರು.
ಮೇಲಿನ ಸೆಟ್ಟಿಗೆ ಅಳತೆ ಕೊಡಲು ಬಂದು,
ನನ್ನ ಕೈಯ ಉಪ್ಪುಕಾಗದ ನೋಡಿ,
"ಎಷ್ಟು ನಂಬರಿನ ತನಕ ಹೋಗ್ತೀಯ ಜಬೀ?" ಅಂದರು.
ಎರಡು ಸಾವಿರ, ಅಂದೆ.
ಮಾರನೇ ಬೆಳಿಗ್ಗೆ ಚಪ್ಪಲಿ ಡಬ್ಬಿಯಲ್ಲಿ ಮಾರುತ ಬಂತು.
ಅವರ ಕೈ ನಡುಗುತ್ತದೆ. ಅದನ್ನು ಅವರು ಹೇಳಲಿಲ್ಲ,
ಟೀ ಲೋಟ ಹೇಳಿತು.

ಒಣ ಉಜ್ಜಬೇಡ. ನೀರು,
ನೀರಿಗೆ ಪಾತ್ರೆ ಸೋಪಿನ ಒಂದೇ ಹನಿ.
ಸುತ್ತಿಸಬೇಡ, ಗಾಳಿ ಹೋಗುವ ದಿಕ್ಕಿಗೇ ಎಳೆ.
ಎರಡು ಹೋಳು ಕೂಡಿದ ಬೆನ್ನಿನ ಮೇಲೆ
ಪುಟ್ಟಿ ಒಂದು ಗೆರೆ ಉಳಿಸಿತ್ತು,
ನನಗೆ ಕಾಣದ್ದು.
ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿ
ಕಾಗದದ ಸದ್ದು ಕೇಳುತ್ತಿದ್ದರು,
"ಅಲ್ಲಿ. ಅಲ್ಲೇ. ಇನ್ನೂ ಕರಕರ ಅಂತಿದೆ."

ಎಪ್ಪತ್ತೆರಡರಲ್ಲಿ ಒಂದು ಪಾಲು ಇದು.
ಅಂದರೆ ರೆಕ್ಕೆಯ ಮೇಲೆ ಕೂತ ಧೂಳಿನ ಕಣ
ಅಲ್ಲಿ ನಿಂಬೆಹಣ್ಣು.
ನನ್ನ ಹೆಬ್ಬೆರಳ ಅಚ್ಚು
ಒಂದು ಗಜದ ರಂಗೋಲಿ.
ಹೊರಗೆ ರಸ್ತೆ ಅಗೆದು ಎಂಟು ತಿಂಗಳಾಯಿತು,
ಲಾರಿ ಹೋದಾಗಲೆಲ್ಲ ನಿಂಬೆಹಣ್ಣಿನ ಮಳೆ.
ಬಾಗಿಲು ಹಾಕಿದೆವು, ಫ್ಯಾನು ನಿಲ್ಲಿಸಿದೆವು,
ನೆಲಕ್ಕೆ ನೀರು ಚಿಮುಕಿಸಿದೆವು.
ಗಿರಾಕಿ ಒಬ್ಬರು ಬಂದು, ಅಂಗಡಿ ಮುಚ್ಚಿದೆ ಅಂದುಕೊಂಡು ಹೋದರು.

ಎಷ್ಟೋ ವರ್ಷದ ಥಿನ್ನರು ಅವರ ಬೆರಳ ತುದಿಯನ್ನು ತಿಂದಿದೆ.
ಅದಕ್ಕೇ ರೆಕ್ಕೆಯನ್ನು ಕೆಳದುಟಿಗೆ ತಾಗಿಸಿ,
ಕೊಳಲು ಹಿಡಿದವರಂತೆ,
ಮೆಲ್ಲಗೆ ಆಚೆಯಿಂದ ಈಚೆಗೆ.
ನಾನು ನಗಲಿಲ್ಲ.
ನನ್ನ ಕಸುಬಿನಲ್ಲೂ ಕಣ್ಣಿಗೆ ಸಾಕ್ಷಿಯ ಬೆಲೆಯಿಲ್ಲ,
ನಾಲಿಗೆಗೆ ಕೂದಲೂ ಒಂದು ತೊಲೆ.

ಆಮೇಲೆ ಹೊಳಪಿನ ವಾರ್ನಿಷು.
ಹಲ್ಲಿನ ಪುಡಿ ಊದುವ ಕಂಪ್ರೆಸರಿನಲ್ಲೇ
ಮೂರು ತೆಳು ಕೋಟು,
ಒಂದೊಂದರ ನಡುವೆ ಒಂದೊಂದು ಟೀ.
ಮೈ ಒರಟಾಗಿದ್ದರೆ ಡೆಕಾಲಿನಡಿ ಗಾಳಿ ಸಿಕ್ಕಿಕೊಳ್ಳುತ್ತೆ,
ಒಣಗಿದ ಮೇಲೆ ಬೆಳ್ಳಿ ಕೂರುತ್ತೆ, ಅಂದರು.
ಬೆಳ್ಳಿ ಅನ್ನುವಾಗ ಅವರ ಮುಖ
ಬೂಸು ಹಿಡಿದ ಉಪ್ಪಿನಕಾಯಿ ಕಂಡಂತೆ.

ಮರೆಮಾಚುವ ಮಚ್ಚೆಗಳು, ಹಸಿರು, ಮಣ್ಣುಗೆಂಪು,
ಹಳೆಯ ಕ್ಯಾಲೆಂಡರಿನೊಳಗೆ ಚಪ್ಪಟೆಯಾಗಿ ಮಲಗಿವೆ,
ಊರಿಲ್ಲದ ನಕ್ಷೆಯ ತುಂಡುಗಳು.
ಕೇಳಿಯೇಬಿಟ್ಟೆ:
ಯಾರ ಕಣ್ಣಿಗೂ ಬೀಳಬಾರದು ಅಂತ ತಾನೇ ಇದೆಲ್ಲ?
ಮತ್ತೆ ಮುಖ ಕಾಣುವಷ್ಟು ಹೊಳಪು ಯಾಕೆ ಮೊದಲು?
"ಕಳ್ಳನಿಗೂ ಮೈಗೆ ಎಣ್ಣೆ ಬೇಕಲ್ಲಪ್ಪ," ಅಂದರು.

ಡೆಕಾಲು ಇವತ್ತಿಲ್ಲ. ಒಂದು ಹಗಲು ಒಂದು ರಾತ್ರಿ ಒಣಗಬೇಕು.
ಸ್ಟೀಲಿನ ಬೋಗುಣಿ ಮುಚ್ಚಿಟ್ಟೆ.
ಆಗಲೇ ತಲೆಯ ಮೇಲೆ ಒಂದು ನಿಜವಾದದ್ದು ಹಾರಿ
ಕಿಟಕಿ ಗಡಗಡ ಅಂದಿತು,
ಮೇಜಿನ ದವಡೆಗಳು ಚಳಿ ಹಿಡಿದು ಕಡಿದುಕೊಂಡವು.
ನಾವಿಬ್ಬರೂ ಮೇಲೆ ನೋಡಲಿಲ್ಲ.
"ಬೋಗುಣಿ ಅಲುಗಿತಾ?"
ಇಲ್ಲ.

ಸೆಟ್ಟು ರೆಡಿಯಿತ್ತು, ಹಾಕಿಸಿದೆ.
ಕನ್ನಡಿ ಬೇಡವೆಂದರು.
ಬಾಯಿ ಮುಚ್ಚಿ, ಕೆನ್ನೆಯೊಳಗೆ ನಾಲಿಗೆ
ಒಂದೊಂದೇ ಹಲ್ಲು ದಾಟಿ ನಡೆಯಿತು,
ಒಂದು ಕಡೆ ನಿಂತಿತು.
ತೆಗೆದು ನನ್ನ ಅಂಗೈಯಲ್ಲಿಟ್ಟು
ಉಗುರಿನಿಂದ ತೋರಿಸಿದರು. "ಇಲ್ಲಿ."

ಎರಡು ಸಾವಿರದ ಕಾಗದ ನೀರಿಗದ್ದಿದೆ.
ಇದರಲ್ಲಿ ಗಾಳಿ ಯಾವ ದಿಕ್ಕಿಗೆ ಹೋಗುತ್ತೆ, ಮುನಿವೀರಪ್ಪನವರೇ?

ಹಲ್ಲಿಲ್ಲದೆ ನಕ್ಕರು.