ಎಡ ಹೆಗಲಿಗೆ ಎರಡು ಗುಂಡಿ

ನಂದು ಮೋಟರ್ ವೈಂಡಿಂಗ್ ಅಂಗಡಿ, ಬಾಗಲಕೋಟಿ ನವನಗರದಾಗ.
ಸುಟ್ಟು ಬಂದ ಐದು ಎಚ್‌ಪಿ, ಏಳೂವರಿ ಎಚ್‌ಪಿ
ಬಾಗಲದಾಗ ಸಾಲಾಗಿ ಕುಂತಿರತಾವ,
ಹಲ್ಲಿನ ಡಾಕ್ಟರ ಕಡೆ ಮಂದಿ ಕುಂತಂಗ.

ಮಗ್ಗಲ ಅಂಗಡಿ ಟೇಲರ್ ವಾಮನ ಮಹೇಂದ್ರಕರ
ಐವತ್ಮೂರನೇ ವಯಸ್ಸಿಗೆ ಒಂದು ವಿಮಾನ ತಂದ.
ಫೋಮಿಂದು. ಎತ್ತಿದರ ಹಪ್ಪಳದ ಡಬ್ಬಿಯಷ್ಟು ತೂಕ.
"ಹಾರತೈತಿ, ಏರೂದಿಲ್ಲ" ಅಂದ,
ಅಳತಿ ತಪ್ಪಿದ ಜಂಪರು ವಾಪಸ್ ಬಂದಾಗಿನ ಮಾರಿ ಮಾಡಿ.

ಮೂಗು ಬಿಚ್ಚಿದೆ.
ಒಳಗೊಂದು ಆಟಗಿ ಮೋಟರು,
ಕಾರ್ಬನ್ ಸವದು ಕಾಡಿಗಿಯಂಥಾ ಪುಡಿ.
ಇದಕ್ಕ ಸುತ್ತಾಕೂ ಏನೂ ಉಳದಿಲ್ಲ, ಬ್ಯಾರೇದು ತರಸು, ಅಂದೆ.

ಹುಬ್ಬಳ್ಳಿ ಬಸ್ಸಿನ ಪಾರ್ಸಲ್‌ನ್ಯಾಗ ಬಂತು ಹೊಸಾದು.
ಬ್ರಷ್ ಇಲ್ಲದ್ದು, ಲಿಂಬಿಹಣ್ಣಿನಷ್ಟು.
ಹಿಂದ ಮೂರು ವೈರು.
ಮೂರು ಕಂಡದ್ದ ತಡ, ನಗು ಬಂತು ನನಗ.
ಇಪ್ಪತ್ತಾರು ವರ್ಷದಿಂದ ಸುತ್ತತೇನಿ ಇದನ್ನ,
ಕೊಳವಿ ಬಾವ್ಯಾಗ ಮುನ್ನೂರು ಫೂಟು ಇಳಿಯೂವಂಥಾದ್ದು.
ಇದು ಅದರ ಮೊಮ್ಮಗ.
ಮನಿತನಾ ಬಿಟ್ಟು ಮ್ಯಾಲ ಹೊಂಟೈತಿ.

ಹಳೇ ಸ್ವಿಚ್‌ಬೋರ್ಡಿನ ಹಲಗಿ ಕೊಯ್ದು ಮೂಗಿಗೊಂದು ಗ್ವಾಡಿ.
ವಾಮನ ಸುಣ್ಣದ ಬಿಲ್ಲಿಲೇ ನಡುಗೆರಿ ಎಳದ,
ಒಂದ ಎಳತ, ಅಳಸಲಿಲ್ಲ.
ಫೆವಿಕ್ವಿಕ್ ತಗದಿದ್ದ, ಕೈ ಹಿಡದೆ:
ಫೋಮ್ ತಿಂತೈತಿ ಅದು.
ಬಿಸಿ ಅಂಟು ಹಾಕಿ, ನಾಕು ಸ್ಕ್ರೂ ಬಿಗದು,
ಕರೆಂಟು ಕೊಟ್ಟರ ಪಂಖಾ ಉಲ್ಟಾ ತಿರುಗಿ
ಸುಣ್ಣದ ಪುಡಿ ಎಲ್ಲಾ ನಮ್ಮ ಮಾರಿಗೇ.
ಎರಡು ವೈರು ಅದಲಿ ಬದಲಿ ಮಾಡಿದೆ.
ಪಂಪಿಗೆ ಹ್ಯಾಂಗೋ ಇದಕ್ಕೂ ಹಂಗ.
ಮೂಗು ಭಾರ ಆಗಿತ್ತು, ಬ್ಯಾಟರಿ ಹಿಂದ ಸರಸಿದೆವು,
ರೆಕ್ಕಿ ಕೆಳಗ ಎರಡು ಬೆರಳಿಟ್ಟರ
ತಕ್ಕಡಿಯಂಗ ನಿಂತಿತು.

ಐತವಾರ ನಸಿಕ್ಲೆ ಖಾಲಿ ಪ್ಲಾಟಿಗೆ ಹ್ವಾದೆವು.
ಆ ಕಡೆ ಹಿನ್ನೀರು, ಗಾಳಿ ಇನ್ನೂ ಎದ್ದಿರಲಿಲ್ಲ.
ನಾ ಒಗದೆ.
ಎದ್ದಿತು ನೋಡ್ರಿ! ಎದ್ದದ್ದ ಎದ್ದದ್ದು,
ಮೂಗು ಆಕಾಶಕ್ಕ ಹಚ್ಚಿ, ಎಡಕ್ಕ ಹೊಳ್ಳಿ,
ಸೀದಾ ಜಾಲಿ ಕಂಟಿಯೊಳಗ.

ವೈಂಡಿಂಗ್ ಚೊಲೋ ಐತಿ, ವೈರು ಚೊಲೋ ಐತಿ,
ನನ್ನ ವಿದ್ಯೆ ಅಲ್ಲಿಗೆ ಮುಗೀತು.
ವಾಮನ ಮುಳ್ಳು ತಕ್ಕೋಂತ ಕುಂತವ
ಬಾಳೊತ್ತು ಅದನ್ನ ತಿರುಗಿಸಿ ತಿರುಗಿಸಿ ನೋಡಿ ಅಂದ:
"ಕೋಟು ಎಡ ಹೆಗಲಿಗೆ ಜಗ್ಗಾಕತ್ತೈತಿ.
ಮೈ ಬೆಳದೈತಿ, ಹೊಲಿಗಿ ಹಳೇದ.
ಮ್ಯಾಲ, ಎಡಕ್ಕ, ಒಂದು ನೂಲು ಬಿಡಬೇಕು."

ಅಂದರ ಮೋಟರಿನ ಮೂಗು
ತುಸು ಕೆಳಗ, ತುಸು ಬಲಕ್ಕ ನೋಡಬೇಕು.
ಖರೇ. ತಾಕತ್ತು ಬಂದ ಮ್ಯಾಲ ನೆಟ್ಟಗ ಕುಂದ್ರಸೂದ ತಪ್ಪು.
ವಾಷರು? ಅಂಗಡ್ಯಾಗ ಉಳದಾವ.

ಅಂವ ಮಾತಾಡಲಿಲ್ಲ.
ತನ್ನ ಅಂಗಿಯ ಕೊಳ್ಳಿಂದ ಎರಡು ಗುಂಡಿ
ಹಲ್ಲಿಲೇ ಕಡದು ಅಂಗೈಯಾಗ ಇಟ್ಟ.
ಸ್ಕ್ರೂ ಸಡ್ಲ ಮಾಡಿ, ಹಲಗಿ ಸಂದ್ಯಾಗ ತೂರಿಸಿ
ಮತ್ತ ಬಿಗದೆ.

ಈ ಸಲ ಅಂವನ ಒಗದ.
ಹೊಲಿಗಿ ಮಿಷನ್ ಅರಿವಿ ಮ್ಯಾಲ ಹೋದಂಗ ಹ್ವಾತು,
ಒಂದ ಗೆರಿ, ಒಂದ ಸಪ್ಪಳ.
ನೀರಿನ ಮ್ಯಾಲ ಒಂದು ಸುತ್ತು ಹಾಕಿತು.
ಅಲ್ಲೇ ಎಲ್ಲೋ ಕೆಳಗ ಅವರಪ್ಪ ಮಿಷನ್ ಇಟ್ಟಿದ್ದ ಓಣಿ.
ಅಂವ ಆ ಮಾತು ತಗೀಲಿಲ್ಲ, ನಾನೂ ತಗೀಲಿಲ್ಲ.
"ರೆಕ್ಕಿ ತಳಕ್ಕ ಕೆಂಪು ಅರಿವಿ ಹಚ್ಚಬೇಕಿತ್ತು" ಅಂದ,
"ಹೊಟ್ಟಿ ಯಾವ್ದು ಬೆನ್ನು ಯಾವ್ದು ತಿಳೀವಲ್ದು."

ಇಳದ ಮ್ಯಾಲ ಮೋಟರಿಗೆ ಬೆರಳು ಹಚ್ಚಿ ಎಣಿಸಿದೆ.
ಐದರ ತನಕ ತಡಕೊಳ್ಳಾಕ ಬಂತು.
ಬಿಸಿ ಐತಿ, ಸುಡೂದಿಲ್ಲ.

ಈಗ ತಿಂಗಳ ಮ್ಯಾಲಾತು.
ಊರ ಮಂದಿ ಅಂಗಿಗೆಲ್ಲಾ ಗುಂಡಿ ಹಚ್ಚವ
ಎದಿ ತೆರಕೊಂಡ ಕುಂದರತಾನ ಅಂಗಡ್ಯಾಗ.
"ಹಚ್ಚಕೊಳ್ಳೋ ಮಾರಾಯ" ಅಂದರ
"ಎಣಿಕಿ ಸರಿ ಐತಲ್ಲ, ಎರಡು ಅಲ್ಲದಾವ" ಅಂತಾನ,
ಕಾಲಿಲೇ ಮಿಷನ್ ತುಳಕೋಂತ.